ಹಸಿರು ಹೊಂಡದ ಹಿಂಗಾರಿ

ಹೋದ ವರ್ಷ ಚಡಚಣದ ಹತ್ತಿರ ನನ್ನ ತಂಗಿಯ ಅಳಿಯನ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಬಳ್ಳಿಗೆ ಸಿಂಪಡಿಸಲು ಆಳುಗಳು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸುತ್ತಿದ್ದರು. ಒಬ್ಬ ಕೋಲಿನಿಂದ ತಿರುವುತ್ತಿದ್ದ, ಇನ್ನೊಬ್ಬ ಸುಣ್ಣದ ತಿಳಿ ಸುರಿಯುತ್ತಿದ್ದ. ಆ ನೀಲಿ ನೀರಿನಿಂದ ಒಂದು ವಾಸನೆ ಎದ್ದಿತು. ವಾಸನೆ ಎನ್ನುವುದಕ್ಕಿಂತ ರುಚಿ ಎನ್ನಬೇಕು; ತಾಮ್ರದ ಚೂರೊಂದನ್ನು ನಾಲಿಗೆಯ ಮೇಲಿಟ್ಟುಕೊಂಡ ಹಾಗೆ ಬಾಯೆಲ್ಲ ಒಗರೊಗರಾಗುತ್ತದೆ.

"ಮಾಮಾ, ಅತ್ತಾಗ ನಿಲ್ರಿ, ಕಣ್ಣಾಗ ಸಿಡಿದೀತು," ಎಂದ ಅಳಿಯ.

ನಾನು ಸ್ವಲ್ಪ ಹಿಂದೆ ಸರಿದೆ. ಅಷ್ಟರಲ್ಲಿ ತಲೆಯೊಳಗೆ ಮುದ್ದೇಬಿಹಾಳ ತಾಲೂಕಿನ ಒಂದು ಗುಡ್ಡ ಬಂದು ನಿಂತಿತ್ತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಇಡೀ ಹಿಂಗಾರಿಯನ್ನು ಆ ಗುಡ್ಡದ ಮೇಲೆ, ಇದೇ ರುಚಿಯನ್ನು ಬಾಯಲ್ಲಿಟ್ಟುಕೊಂಡು ಕಳೆದಿದ್ದೆ.

ನಾನು ಸಿಂದಗಿಯವನು, ಹೆಸರು ಮೆಹಬೂಬ. ಅಪ್ಪ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಸಿಂದಗಿಯಿಂದ ಇಂಡಿಯವರೆಗೆ ಸಂತೆ ಸಂತೆ ತಿರುಗಿ, ತಿದಿ ಒತ್ತಿ, ಹಂಡೆ ಬೋಗುಣಿಗಳ ಒಳಮೈಯನ್ನು ಬೆಳ್ಳಗೆ ಮಾಡಿ ಕೊಡುವುದು ಅವರ ಕಸುಬು. ನನಗೆ ಚಿತ್ರ ಬರೆಯುವ ಕೈ ಬಂದಿತ್ತು. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ, ಸ್ವಲ್ಪ ದಿನ ಸಾಲಿಯಲ್ಲಿ ಕಲಿಸಿ, ಏಕೀಕರಣವಾದ ಮೇಲೆ ಪ್ರಾಚ್ಯವಸ್ತುಗಳ ಕೆಲಸಕ್ಕೆ ನಕ್ಷೆ ಬರೆಯುವವನಾಗಿ ಸೇರಿದೆ. ಅಗೆದಲ್ಲಿ ಸಿಕ್ಕ ಗೋಡೆ, ಮಡಕೆ, ಎಲುಬುಗಳನ್ನು ಅಳತೆಗೆ ಸರಿಯಾಗಿ ಕಾಗದಕ್ಕಿಳಿಸುವುದು ನನ್ನ ಕೆಲಸ. ಮನೆ ತುಂಬ ತಾಮ್ರವೇ ಇದ್ದರೂ ಆ ತಾಮ್ರ ನೆಲದಲ್ಲಿ ಎಲ್ಲಿಂದ ಬರುತ್ತದೆಂದು ಅಪ್ಪನನ್ನು ನಾನು ಕೇಳಿದವನಲ್ಲ. ಅವರೂ ಹೇಳಿರಲಿಲ್ಲ. ಅವರಿಗೆ ಅದು ಪೇಟೆಯಿಂದ ಬರುತ್ತಿತ್ತು.

ಆ ವರ್ಷ ದಸರೆ ಮುಗಿದ ಮೇಲೆ ನನ್ನನ್ನು ವಿಶಾಲಾಕ್ಷಿ ಮೇಡಂ ಅವರ ಕೈಕೆಳಗೆ ಕಳಿಸಿದರು. ಮೇಡಂ ಮೈಸೂರಿನವರು. ಮೂವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ಕೃಷ್ಣಾ ಹೊಳೆಯ ದಂಡೆಯ ಆ ಗುಡ್ಡದಿಂದ ಯಾರೋ ಭೂಗರ್ಭ ಶಾಸ್ತ್ರದವರು ತಂದ ಹಸಿರು ಕಲೆಯ ಕಲ್ಲೂ, ನಡು ಕೊರೆದ ಒಂದು ಗುಂಡುಕಲ್ಲೂ ಅವರ ಕೈಗೆ ಬಂದಿದ್ದವು. ಹಸಿರು ಕಲೆ ತಾಮ್ರದ್ದು. ನಡು ಕೊರೆದ ಕಲ್ಲು ಸುತ್ತಿಗೆ. ಕೊರೆದಲ್ಲಿ ಹಗ್ಗ ಬಿಗಿದು ಹಿಡಿ ಕಟ್ಟಿ ಬೀಸುತ್ತಿದ್ದರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅವರು ನನಗೆ ಹೇಳಿದ ಮೊದಲ ಮಾತು ಇದು: "ಅಕ್ಷರ ಇನ್ನೂ ಇಲ್ಲದ ಕಾಲದಲ್ಲಿ ಅಲ್ಲಿ ಯಾರೋ ತಾಮ್ರ ತೆಗೆದಿದ್ದಾರೆ, ಮೆಹಬೂಬ್. ಎಷ್ಟು ಆಳಕ್ಕೆ ಹೋಗಿದ್ದರು, ಹೇಗೆ ಹೋಗಿದ್ದರು, ಅಷ್ಟು ಗೊತ್ತಾದರೆ ನನಗೆ ಸಾಕು."

ಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಬಸವನ ಬಾಗೇವಾಡಿಯಿಂದ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದೆವು. ಅಲ್ಲಿಂದ ಮುಂದೆ ಎತ್ತಿನ ಗಾಡಿ. ಎರಡೂ ಬದಿಗೆ ಆಗತಾನೆ ಬಿತ್ತಿದ ಬಿಳಿಜೋಳದ ಹೊಲಗಳು. ಕರಿಮಣ್ಣು ಮುಗಿದು ಕೆಂಪು ಕಲ್ಲು ಶುರುವಾಗುವ ಕಡೆ ಗುಡ್ಡವಿತ್ತು. ಊರವರು ಅದನ್ನು ಪಾಚಿಗುಡ್ಡ ಎನ್ನುತ್ತಿದ್ದರು, ಏಕೆಂದರೆ ಬಂಡೆಗಳ ಮೇಲಿನ ತಾಮ್ರದ ಹಸಿರು ದೂರಕ್ಕೆ ಪಾಚಿಯ ಹಾಗೆ ಕಾಣುತ್ತಿತ್ತು. ಗುಡ್ಡದ ಹೊಟ್ಟೆಯಲ್ಲಿ ಒಂದು ದೊಡ್ಡ ಹೊಂಡ. ಒಂದು ಬದಿಯಿಂದ ಇಳಿಜಾರಾಗಿ ಒಳಗೆ ನಡೆದು ಹೋಗಬಹುದಿತ್ತು. ಎದುರು ಬದಿ ಗೋಡೆಯ ಹಾಗೆ ಕಡಿದಾಗಿತ್ತು. ನಡುವೆ ನೀರು ತುಂಬಿತ್ತು, ಬಣ್ಣ ಎಳೆ ಹುಲ್ಲಿನದು. ಗಾಳಿ ಬೀಸಿದರೂ ಅದು ಅಷ್ಟಾಗಿ ಅಲುಗುತ್ತಿರಲಿಲ್ಲ.

ಮೇಡಂ ಅವರಿಗೆ ಮೊದಲ ವಾರ ಕಷ್ಟವಾದದ್ದು ಬಿಸಿಲೂ ಅಲ್ಲ, ಮೂರು ಹೊತ್ತಿನ ರೊಟ್ಟಿಯೂ ಅಲ್ಲ. ನಮ್ಮ ಮಾತು. ಕೂಲಿಗೆ ಬಂದ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ "ಬಾಯಾರ, ಇದನ್ನೆಲ್ಲಿ ಚೆಲ್ಲೂದು, ಹೇಳ್ರಿ ಲಗೂನ!" ಎಂದರೆ ಅವರು ಬೆಚ್ಚಿಬೀಳುತ್ತಿದ್ದರು. ಸಂಜೆ ನನ್ನನ್ನು ಕರೆದು, "ನಾನೇನು ತಪ್ಪು ಮಾಡಿದೆ? ಯಾಕೆ ಎಲ್ಲರೂ ನನ್ನ ಮೇಲೆ ರೇಗ್ತಾರೆ?" ಎಂದು ಕೇಳಿದರು.

"ಯಾರೂ ರೇಗಿಲ್ರಿ ಮೇಡಂ. ನಮ್ಮ ಮಾತ ಹಂಗ. ಊಟ ಆತೇನು ಅಂತ ಕೇಳಿದ್ರೂ ನಿಮಗ ಜಗಳ ಕೇಳಿಸ್ತೈತಿ."

ಅವರು ನಕ್ಕರು. ಮರುದಿನದಿಂದ ಯಾರಾದರೂ ಜೋರಾಗಿ ಕೂಗಿದರೆ ನನ್ನ ಕಡೆ ತಿರುಗಿ "ಇದು ಊಟವೋ, ಜಗಳವೋ?" ಎಂದು ಕೇಳುವುದು ರೂಢಿಯಾಯಿತು. ಕೈಯಲ್ಲಿ ಕಾಗದ, ಪೆನ್ಸಿಲ್ಲು ಇರುತ್ತಿದ್ದುದರಿಂದ ನಾನು ಎಲ್ಲರಿಗೂ ಮಾಸ್ತರನಾದೆ, ಮೇಡಂ ಬಾಯಾರಾದರು.

ಹೊಂಡದ ತಳ ನೋಡಬೇಕಾದರೆ ನೀರು ತೆಗೆಯಬೇಕು. ಊರ ಗೌಡರನ್ನು ಕೇಳಿದೆವು. ಅವರು ಎಲೆ ಅಡಿಕೆ ಜಗಿಯುತ್ತ, "ತಗೀರಲ್ಲ. ಆ ನೀರ ಯಾರ್ ಕುಡೀತಾರ? ದನಾನೂ ಮೂಸಿ ನೋಡಂಗಿಲ್ಲ," ಎಂದರು. ಬಾಗೇವಾಡಿಯ ವ್ಯಾಪಾರಿಯೊಬ್ಬರಿಂದ ಡೀಸೆಲ್ ಇಂಜಿನ್ ಬಾಡಿಗೆಗೆ ಬಂತು. ಅದರ ಸದ್ದಿಗೆ ಗುಡ್ಡದ ಪಾರಿವಾಳಗಳೆಲ್ಲ ಎದ್ದು ಹೋದವು. ಹಸಿರು ನೀರು ಕೊಳವೆಯಿಂದ ಕೊರಕಲಿಗೆ ಬಿದ್ದು ಹೊಳೆಯ ಕಡೆ ಹರಿಯಿತು. ಅದು ಹರಿದ ದಾರಿಯ ಹುಲ್ಲು ಕೆಲವೇ ದಿನಗಳಲ್ಲಿ ಕೆಂಪಾಗಿ ಒಣಗಿತು.

ನೀರು ಇಳಿದಂತೆಲ್ಲ ಆ ಜನರ ಕೆಲಸ ಮೇಲೆ ಬಂತು. ಗೋಡೆಗಳ ಮೇಲೆ ಮಸಿ. ಬಂಡೆಗೆ ಬೆಂಕಿ ಇಟ್ಟು, ಕಾದಾಗ ನೀರು ಎರಚಿ, ಬಿರಿದ ಕಲ್ಲನ್ನು ಸುತ್ತಿಗೆಯಿಂದ ಕಿತ್ತಿದ್ದರು. ಕೆಸರಿನಲ್ಲಿ ಇದ್ದಿಲು, ಒಡೆದ ಸುತ್ತಿಗೆಗಳು, ನಡುವೆ ಕೊರೆಯಲು ಶುರುಮಾಡಿ ಬಿಟ್ಟುಬಿಟ್ಟ ಕಲ್ಲುಗಳು. ಹೊಂಡದ ಹಿಂಬದಿಯಲ್ಲಿ ಒಂದು ಕಿರಿದಾದ ಬಾವಿಯಂಥ ತೂತು ಇನ್ನೂ ಕೆಳಗೆ ಹೋಗುತ್ತಿತ್ತು. ಇಂಜಿನ್ನಿನ ಕೊಳವೆಯನ್ನು ಅದರೊಳಗೆ ಇಳಿಸಿದೆವು. ಒಂದು ಮಧ್ಯಾಹ್ನ ಅದರ ನೀರೂ ಇಳಿದಾಗ, ಗೋಡೆಗೆ ಆತು ನಿಂತ ಒಂದು ಮರ ಕಂಡಿತು.

ಅದು ನಿಚ್ಚಣಿಕೆ. ಎರಡು ಕಂಬ, ಅಡ್ಡಪಟ್ಟಿಗಳ ನಿಚ್ಚಣಿಕೆಯಲ್ಲ. ಒಂದೇ ದಿಮ್ಮಿ, ಹೆಜ್ಜೆ ಇಡಲು ಒಂದರ ಮೇಲೊಂದು ಕಚ್ಚು ಕೊರೆದದ್ದು. ಮೈಯೆಲ್ಲ ಹಸಿರುಗಪ್ಪು. ಬಂಡೆಯ ತಾಮ್ರ ಕರಗಿ ಮೈಲುತುತ್ತವಾಗಿದ್ದ ಆ ನೀರು ಅದನ್ನು ಹುಳಕ್ಕೂ ಕೊಳೆಗೂ ಬಿಟ್ಟುಕೊಟ್ಟಿರಲಿಲ್ಲ. ಮೇಡಂ ಕೆಸರಿನಲ್ಲಿ ಮೊಣಕಾಲೂರಿ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ಬಿದ್ದಿಲ್ಲ ನೋಡಿ. ಆನಿಸಿಟ್ಟ ಹಾಗೇ ಇದೆ. ಕೊನೆಯಲ್ಲಿ ಹತ್ತಿ ಬಂದವರು ಮತ್ತೆ ಇಳೀತೀವಿ ಅಂತಲೇ ಬಿಟ್ಟು ಹೋಗಿದ್ದಾರೆ."

ಅದರ ಮಾರನೆಯ ದಿನ ಕುರಿಯವರು ಬಂದರು.

ಅಷ್ಟರಲ್ಲಿ ಸ್ವಾತಿ ಮಳೆ ಹಿಡಿದುಕೊಂಡಿತ್ತು. ಹಿಂಗಾರಿಗೆ ನಾಲ್ಕು ಹನಿ ಬಿದ್ದರೆ ಜೋಳಕ್ಕೆ ಒಳ್ಳೆಯದು. ಆ ವರ್ಷ ಮಾತ್ರ ಆಕಾಶಕ್ಕೆ ನಿಲ್ಲುವುದೇ ತಿಳಿದಿರಲಿಲ್ಲ. ಕರಿಮಣ್ಣು ಅಂಬಲಿಯಾಗಿ, ಗಾಡಿಗಳು ಅಚ್ಚಿನವರೆಗೆ ಹೂತು ನಿಲ್ಲುತ್ತಿದ್ದವು. ಬೆಳಗಿನ ಜಿಟಿಜಿಟಿ ಮಳೆಯಲ್ಲಿ ಗುಡ್ಡದ ಕೆಳಗಿನಿಂದ ಒಂದು ಹಿಂಡು ಏರಿ ಬಂತು. ಅವು ನಡೆಯುತ್ತಿದ್ದ ರೀತಿ ನೋಡಿ ನಾನು ಪೆನ್ಸಿಲ್ ಕೆಳಗಿಟ್ಟೆ. ಎಷ್ಟೋ ಕುರಿಗಳು ಮುಂಗಾಲು ಮಡಚಿ ಮೊಣಕಾಲ ಮೇಲೆ ನಡೆಯುತ್ತಿದ್ದವು. ಅವುಗಳ ಹಿಂದೆ ಇಬ್ಬರು, ಗೊಳಸಂಗಿಯ ಕಡೆಯ ಅಕ್ಕ ತಮ್ಮ. ಅಕ್ಕ ನೀಲವ್ವ, ನಲವತ್ತು ದಾಟಿದವಳು, ತಲೆಯ ಮೇಲೆ ಕಂಬಳಿ. ತಮ್ಮ ಮಾಳಪ್ಪ, ಹೆಗಲ ಮೇಲೆ ಒಂದು ಕುರಿ.

ಮಾಳಪ್ಪ ಹೊಂಡದ ಅಂಚಿಗೆ ಬಂದು ನಿಂತ. ಒಳಗೆ ಕೆಸರು, ಹಲಗೆಗಳು, ಇಂಜಿನ್ನಿನ ಕೊಳವೆ. ಅವನು ಹೆಗಲ ಕುರಿಯನ್ನು ಇಳಿಸಲೂ ಇಲ್ಲ.

"ನೀರ ಎಲ್ಲಿ ಹೋತು?"

"ತಗಸೇವಪ್ಪಾ," ಎಂದೆ.

"ಯಾರನ್ ಕೇಳಿ ತಗಸೀರಿ?"

"ಊರ ಗೌಡ್ರನ್ನ ಕೇಳೇವಿ."

"ಗೌಡ್ರು ಕುರಿ ಕಾಯ್ತಾರೇನು? ಹಾಂ? ಗೌಡ್ರ ಕಾಲ ಕೊಳತಾವೇನು?"

ಅವನ ಧ್ವನಿ ಕೇಳಿ ಮೇಡಂ ಡೇರೆಯಿಂದ ಹೊರಗೆ ಬಂದರು. ನನ್ನನ್ನು ನೋಡಿ, "ಊಟವೋ, ಜಗಳವೋ?" ಎಂದರು.

"ಈ ಸಲ ಖರೇನ ಜಗಳರಿ ಮೇಡಂ," ಎಂದೆ.

ನೀಲವ್ವ ತಮ್ಮನನ್ನು ಮೊಣಕೈಯಿಂದ ಹಿಂದೆ ಸರಿಸಿ ಮುಂದೆ ಬಂದಳು. ಒಂದು ಕುರಿಯನ್ನು ಹಿಡಿದು ಕೆಡವಿ, ಅದರ ಗೊರಸನ್ನು ಎತ್ತಿ ತೋರಿಸಿದಳು. ಗೊರಸಿನ ನಡುವೆ ಬಿಳಿ ಕೀವು. ನಾತಕ್ಕೆ ನಾನು ಮುಖ ತಿರುಗಿಸಿದೆ. ಮೇಡಂ ತಿರುಗಿಸಲಿಲ್ಲ. ಬಾಗಿ ನೋಡಿದರು, ಹೊಂಡವನ್ನು ನೋಡಿದರು, "ತುತ್ತದ ನೀರು," ಎಂದರು. ಅರ್ಥವಾಗಲು ಅವರಿಗೆ ಅಷ್ಟೇ ಸಾಕಾಗಿತ್ತು.

"ಹೌದ್ರಿ ಬಾಯಾರ," ಎಂದಳು ನೀಲವ್ವ. "ಮಳಿ ಜಾಸ್ತಿ ಆದ ವರ್ಷ ಹೊಳ್ಯಾಗ ಹೊಟ್ಟಿ ತುಂಬ ನೀರ ಕುಡಿಸಿ ಇಲ್ಲಿಗೆ ತರ್ತೇವಿ. ಇಲ್ಲಿ ಬಾಯಿ ಹಚ್ಚಿದ್ರ ಸಾಯ್ತಾವ. ಈ ಕಡೆ ಇಳಿಸಿ ಆ ಕಡೆ ಹತ್ತಿಸ್ತೇವಿ. ಎರಡ ಮೂರ ದಿನ ನಡಿಸಿದ್ರ ಕಾಲ ಒಣಗತಾವ."

"ಯಾವಾಗಿನಿಂದ ಬರ್ತಿದ್ದೀರಿ?"

"ನಮ್ಮ ಮುತ್ಯಾನೂ ಬರ್ತಿದ್ದ. ಅದರ ಹಿಂದಿಂದು ನನಗ ಗೊತ್ತಿಲ್ಲ. ಮಳಿ ಇಲ್ಲದ ವರ್ಷ ಯಾರೂ ಬರಂಗಿಲ್ರಿ. ಇಲ್ಲೇನೈತಿ ಬರಾಕ?"

ಮೇಡಂ ಆಗ ನಿಜ ಹೇಳಿದರು. ತಳದಲ್ಲಿ ಬಹಳ ಹಳೆಯದೊಂದು ವಸ್ತು ಸಿಕ್ಕಿದೆ, ಅದರ ಕೆಲಸ ಮುಗಿಯುವವರೆಗೆ ನೀರು ಬಿಡಲಾಗುವುದಿಲ್ಲ, ಹತ್ತು ಹನ್ನೆರಡು ದಿನ ಕೊಡಿ, ಅಲ್ಲಿಯವರೆಗೆ ಪೇಟೆಯಿಂದ ಮೈಲುತುತ್ತ ತರಿಸಿಕೊಡುತ್ತೇನೆ ಎಂದರು. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ. ನೀಲವ್ವ ಪೂರ್ತಿ ಕೇಳಿಸಿಕೊಂಡಳು.

"ಹತ್ತ ದಿನಕ್ಕ ಕುರಿ ಕುಂಡರತಾವ ಮಾಸ್ತರ. ಕುಂತ ಕುರಿ ಮತ್ತ ಏಳಂಗಿಲ್ಲ," ಎಂದಳು. ಆದರೂ ಇರುವುದಕ್ಕೆ ಒಪ್ಪಿದಳು. ಹೋಗಲು ಬೇರೆ ಕಡೆ ಇರಲೂ ಇಲ್ಲ.

ನಾನು ಮುದ್ದೇಬಿಹಾಳಕ್ಕೆ ಹೋದೆ. ಆಗ ಈಗಿನಂತೆ ಎಲ್ಲ ಕಡೆ ದ್ರಾಕ್ಷಿ ಇರಲಿಲ್ಲ. ಮೈಲುತುತ್ತವನ್ನು ಕೇಳುವವರೂ ಕಡಿಮೆ. ಕಿರಾಣಿ ಅಂಗಡಿಯವರು ಒಂದು ಪೊಟ್ಟಣ ಕೊಟ್ಟರು. ಅಲ್ಲಿಂದ ಬಾಗೇವಾಡಿಗೂ ಹೋದೆ; ಅಲ್ಲಿಯ ದನದ ಡಾಕ್ಟರು ತಮ್ಮಲ್ಲಿದ್ದದ್ದನ್ನೆಲ್ಲ ಡಬ್ಬಿ ಸಮೇತ ಕೊಟ್ಟು, ಮೇಲಿನಿಂದ ತರಿಸಲು ಬರೆಯುತ್ತೇನೆ ಎಂದರು. ಗುಡ್ಡದ ಕೆಳಗೆ ಉದ್ದಕ್ಕೆ ಒಂದು ತಗ್ಗು ಅಗೆದು, ತಾಡಪತ್ರಿ ಹಾಸಿ, ನೀಲಿ ನೀರು ಮಾಡಿ ಕುರಿಗಳನ್ನು ದಾಟಿಸಿದೆವು. ಮೊದಲ ದಿನ ಚೆನ್ನಾಗಿ ನಡೆಯಿತು. ಎರಡನೆಯ ದಿನದ ಮಳೆಗೆ ತಗ್ಗು ತುಂಬಿ ತುಳುಕಿತು, ನೀಲಿಯೆಲ್ಲ ಹರಿದು ಹೋಯಿತು. ಅಷ್ಟರಲ್ಲಿ ಬೇರೆ ಹಿಂಡುಗಳೂ ಬರತೊಡಗಿದ್ದವು. ಗುಡ್ಡದ ಸುತ್ತ ಕುಂಟು ಕುರಿಗಳ ಅರಚಾಟ, ಒದ್ದೆ ಉಣ್ಣೆಯ ನಾತ. ದಿನಕ್ಕೆ ಒಂದೆರಡು ಸಾಯುತ್ತಿದ್ದವು. ಮಾಳಪ್ಪ ಸತ್ತ ಕುರಿಗಳನ್ನು ಎಳೆದು ತಂದು ನಮ್ಮ ಡೇರೆಯಿಂದ ಕಾಣುವ ಕಡೆ ಹಾಕುತ್ತಿದ್ದ. ಬೇಕೆಂದೇ ಹಾಕುತ್ತಿದ್ದ. ನೀಲವ್ವ ಬೈದು ಅವನಿಂದಲೇ ಹೂಳಿಸುತ್ತಿದ್ದಳು.

ಇತ್ತ ನಿಚ್ಚಣಿಕೆಯದು ಬೇರೆಯೇ ಕಥೆ. ಅದರ ತುದಿಯಿಂದ ಮುರಿದು ಬಿದ್ದ ಒಂದು ಚಕ್ಕೆಯನ್ನು ಮೇಡಂ ಡೇರೆಯಲ್ಲಿ ತಟ್ಟೆಯ ಮೇಲಿಟ್ಟಿದ್ದರು. ಎರಡು ದಿನಕ್ಕೆ ಅದು ಬಿರಿಯಿತು, ನಾಲ್ಕನೆಯ ದಿನ ಮುಟ್ಟಿದರೆ ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಹಾಗೆ ಉದುರಿತು. ಹೊಂಡದೊಳಗಿನ ದಿಮ್ಮಿಗೆ ಹಸಿ ಗೋಣಿಚೀಲ ಸುತ್ತಿ, ಕೊಡಗಟ್ಟಲೆ ನೀರು ಹಾಕಿಸುತ್ತಿದ್ದರು. ಆದರೂ ಮೇಲ್ಗಡೆಯ ಒಂದು ಕಚ್ಚಿನ ಬಳಿ ಕೂದಲೆಳೆಯಷ್ಟು ಸೀಳು ಕಾಣಿಸಿತ್ತು. ದಿನಾ ಬೆಳಿಗ್ಗೆ ಎದ್ದೊಡನೆ ಅವರು ಮೊದಲು ಹೋಗಿ ನೋಡುತ್ತಿದ್ದುದು ಅದನ್ನೇ.

ಸುದ್ದಿ ತಿಳಿದು ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದರು. ಜೀಪು ಕೆಸರಿನಲ್ಲಿ ಹೂತು, ಕೊನೆಯ ಅರ್ಧ ಹರದಾರಿ ಪ್ಯಾಂಟು ಮಡಚಿಕೊಂಡು ನಡೆದೇ ಬಂದರು. ಕೆಟ್ಟ ಮನುಷ್ಯರೇನಲ್ಲ. ನಿಚ್ಚಣಿಕೆ ನೋಡಿ ಅವರ ಕಣ್ಣೂ ಒದ್ದೆಯಾದದ್ದನ್ನು ನಾನು ನೋಡಿದ್ದೇನೆ. ಮೇಡಂ ಅವರ ಕೈ ಕುಲುಕಿ, "ಇದನ್ನ ಜನ ನೋಡಬೇಕು, ವಿಶಾಲಾಕ್ಷಿ. ಬರೋ ತಿಂಗಳು ವಸ್ತು ಪ್ರದರ್ಶನ ಇದೆ. ಲಾರಿ ಕಳಿಸ್ತೀನಿ, ಎತ್ತಿಸಿಬಿಡಿ," ಎಂದರು.

ಮೇಡಂ ತಟ್ಟೆಯ ಮೇಲಿನ ಪುಡಿಯನ್ನು ತೋರಿಸಿದರು.

"ಒಣಗಿದರೆ ಇದೇ ಆಗುತ್ತೆ ಸಾರ್. ಒಣಗದ ಹಾಗೆ ಇಟ್ಟುಕೊಳ್ಳೋ ವ್ಯವಸ್ಥೆ ನಮ್ಮಲ್ಲಿಲ್ಲ. ಚಿತ್ರ ಬರೆಸಿ, ಫೋಟೋ ತೆಗೆಸಿ, ಮತ್ತೆ ನೀರು ಬಿಟ್ಟುಬಿಡೋಣ. ವ್ಯವಸ್ಥೆ ಆದ ದಿನ ಬಂದು ಎತ್ತೋಣ."

"ನೀರಿನ ಕೆಳಗೆ ಬಿಟ್ಟು ಏನು ಪ್ರಯೋಜನ? ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಸಾರ್. ಆದರೆ ಇರುತ್ತೆ."

ಸಾಹೇಬರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಲಾರಿ ಬರುತ್ತೆ," ಎಂದಷ್ಟೇ ಹೇಳಿದರು. ಊಟಕ್ಕೂ ನಿಲ್ಲದೆ ಹೊರಟರು. ಅವರ ಜೀಪನ್ನು ಕೆಸರಿನಿಂದ ಎತ್ತಿಕೊಟ್ಟವರು ಮಾಳಪ್ಪ ಮತ್ತು ಅವನ ಜೊತೆಯವರು.

ಮರುದಿನ ಬೆಳಿಗ್ಗೆ ಮೇಡಂ ನನ್ನನ್ನು ಕರೆದು, "ನಿಚ್ಚಣಿಕೆಯನ್ನ ಇದ್ದಷ್ಟೇ ಅಳತೆಗೆ ಬರೀರಿ. ಒಂದು ಗಂಟು, ಒಂದು ಗೀರು ಬಿಡಬೇಡಿ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ," ಎಂದರು. ಕಾಗದದ ಹಾಳೆಗಳನ್ನು ಅಂಟಿಸಿ ಉದ್ದ ಮಾಡಿಕೊಂಡೆ. ಕಿರಿದಾದ ಆ ತೂತಿನಲ್ಲಿ ಹಲಗೆಯ ಮೇಲೆ ಮಲಗಿ, ನೆತ್ತಿಯ ಮೇಲೆ ತಾಡಪತ್ರಿ ಕಟ್ಟಿಸಿ, ಬರೆದೆ. ಕೊಡಲಿಯ ಏಟುಗಳು ಸ್ಪಷ್ಟವಾಗಿದ್ದವು. ಕಲ್ಲಿನ ಕೊಡಲಿಯೋ ತಾಮ್ರದ್ದೋ ಎಂದು ಮೇಡಂ ಪ್ರತಿ ಏಟನ್ನೂ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಎರಡೂ ಇರಬೇಕು ಎಂದು ಕೊನೆಗೆ ಬರೆದರು. ಕೆಳಗಿನ ಕಚ್ಚುಗಳು ತುಳಿದು ತುಳಿದು ನುಣುಪಾಗಿದ್ದವು.

ಒಂದು ಮಧ್ಯಾಹ್ನ ನೀಲವ್ವ ಕೇಳದೆಯೇ ಕೆಳಗಿಳಿದು ಬಂದಳು. ನಾನು ಬೇಡವೆನ್ನುವ ಮೊದಲೇ ನಿಚ್ಚಣಿಕೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಚ್ಚಿನ ಪಕ್ಕಕ್ಕೆ ತನ್ನ ಪಾದ ಹಿಡಿದು ನೋಡಿದಳು. ಪಾದ ದೊಡ್ಡದಾಯಿತು.

"ಇದಕ್ಕಾಗೇನ್ರಿ ನಮ್ಮ ಕುರಿ ಸಾಯಾಕತ್ತಿದ್ದು?" ಎಂದು ಕೇಳಿದಳು. ಸಿಟ್ಟಿನಿಂದಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

ಮೇಡಂ ಹೌದೆಂದರು.

"ಯಾರದಿದು?"

"ಗೊತ್ತಿಲ್ಲ, ನೀಲವ್ವ. ಅವರ ಹೆಸರು, ಮಾತು, ಏನೂ ಗೊತ್ತಿಲ್ಲ. ಇಲ್ಲಿ ಇಳಿದು ಕಲ್ಲು ತೆಗೀತಿದ್ದರು ಅಂತ ಮಾತ್ರ ಗೊತ್ತು."

"ಸಣ್ಣ ಪಾದ. ಹೆಣ್ಣಮಕ್ಕಳು ಇಳೀತಿದ್ರೇನೋ."

ಮೇಡಂ ತಮ್ಮ ಚಪ್ಪಲಿ ಬಿಟ್ಟು ತಮ್ಮ ಪಾದವನ್ನೂ ಹಿಡಿದು ನೋಡಿದರು. ಅದೂ ದೊಡ್ಡದೇ. ನಗುತ್ತ, "ಇರಬಹುದು. ಮರ ಕುಗ್ಗಿರಲೂಬಹುದು," ಎಂದರು. ನನಗೆ, "ಇದನ್ನ ಬರೀಬೇಡಿ ಮತ್ತೆ," ಎಂದರು. ಇಬ್ಬರೂ ಕೆಸರು ಮೆತ್ತಿದ ಬರಿಗಾಲಲ್ಲಿ ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತಿದ್ದರು. ನೀಲವ್ವ ಕೇಳಿದಳು, ಮದುವೆ ಯಾಕಾಗಲಿಲ್ಲ ಎಂದು. ಮೇಡಂ ಕೇಳಿದರು, ಗಂಡ ಯಾವಾಗ ತೀರಿಕೊಂಡ ಎಂದು. ನಾನು ಕಾಗದದ ಮೇಲೆ ಕಣ್ಣಿಟ್ಟು ಬರೆಯುತ್ತಿದ್ದೆ.

ಚಿತ್ರ ಮುಗಿದ ದಿನ ನೀಲವ್ವನ ಹಿಂಡಿನ ಮುಂದಿನ ಟಗರು ಕುಳಿತುಬಿಟ್ಟಿತು. ಮಾಳಪ್ಪ ಅದರ ಪಕ್ಕ ಮಳೆಯಲ್ಲಿ ಕಂಬಳಿಯನ್ನೂ ಹೊದೆಯದೆ ಕುಳಿತಿದ್ದ. ಮೇಡಂ ಡೇರೆಯ ಬಾಗಿಲಲ್ಲಿ ನಿಂತು ಅದನ್ನೂ ನೋಡಿದರು, ಹೊಂಡವನ್ನೂ ನೋಡಿದರು. ಆಮೇಲೆ ಕೆಳಗಿಳಿದು ನಿಚ್ಚಣಿಕೆಯ ಗೋಣಿಚೀಲಗಳನ್ನು ತಾವೇ ಒಂದೊಂದಾಗಿ ಬಿಚ್ಚಿದರು. ಸೀಳು ಹಿಂದಿನ ದಿನಕ್ಕಿಂತ ಉದ್ದವಾಗಿತ್ತು. ಮೇಲೆ ಬಂದು ಇಂಜಿನ್ನಿನವನಿಗೆ, "ನಿಲ್ಲಿಸಪ್ಪ," ಎಂದರು.

"ಎಷ್ಟೊತ್ತಿಗೆ ಮತ್ತ ಚಾಲೂ ಮಾಡ್ಲಿರಿ?"

"ಮಾಡೋದು ಬೇಡ. ಬಿಚ್ಚಿ ಗಾಡಿಗೆ ಹಾಕು."

ಇಷ್ಟು ದಿನದ ಸದ್ದು ನಿಂತಾಗ ಗುಡ್ಡದ ಮೇಲೆ ಮಳೆಯ ಸದ್ದೊಂದೇ ಉಳಿಯಿತು. ಗೋಡೆಯ ಬಿರುಕುಗಳಿಂದ ಒಸರು, ಮೇಲಿನಿಂದ ಮಳೆ. ಬೆಳಗಾಗುವಷ್ಟರಲ್ಲಿ ನಿಚ್ಚಣಿಕೆಯ ತುದಿ ಮುಳುಗಿತ್ತು. ಇನ್ನೆರಡು ದಿನಕ್ಕೆ ಇಳಿಜಾರಿನ ಮೇಲೆ ಕುರಿಯ ಗೊರಸು ಮುಳುಗುವಷ್ಟು ನೀರು ನಿಂತಿತು. ಗಾಳಿಗೆ ತೆರೆದುಕೊಂಡಿದ್ದ ಗೋಡೆಗಳ ಮೇಲೆ ಹೂವಿನಂತೆ ಕಟ್ಟಿದ್ದ ತುತ್ತವೆಲ್ಲ ಕರಗಿ, ಬಣ್ಣ ಮೊದಲಿಗಿಂತ ದಟ್ಟವಾಗಿತ್ತು. ಮಾಳಪ್ಪ ಮೊದಲ ಕುರಿಯನ್ನು ಕೊಂಬು ಹಿಡಿದು ಇಳಿಸಿದ. ಉಳಿದವು ಒಂದರ ಬಾಲಕ್ಕೊಂದು ತಲೆ ಹಚ್ಚಿ ಇಳಿದವು. ನೀಲವ್ವ ಆಚೆ ದಡದಲ್ಲಿ ನಿಂತು, ಬಗ್ಗಿ ಮೂಸಿ ನೋಡಿದ ಕುರಿಯ ಮೂತಿಗೆ ಕೋಲಿನಿಂದ ತಟ್ಟುತ್ತಿದ್ದಳು.

ಲಾರಿ ಬಂದದ್ದು ಆಗಲೇ. ಹಗ್ಗ, ಹುಲ್ಲು, ಮರದ ಪೆಟ್ಟಿಗೆ ಎಲ್ಲ ತಂದಿದ್ದರು. ಡ್ರೈವರು ಬೆಂಗಳೂರಿನವನು. ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದು, "ಎತ್ತಿಕೊಂಡು ಹೋಗೋ ಸಾಮಾನು ಎಲ್ಲಿದೆ?" ಎಂದು ಕೇಳಿದ. ಮೇಡಂ ಉತ್ತರ ಹೇಳುವ ಮೊದಲೇ ನೀಲವ್ವ ನೀರಿನ ಕಡೆ ಕೋಲು ಚಾಚಿ, "ಅಲ್ಲೈತಿ ನೋಡಪ್ಪಾ. ಕುರಿ ದಾಟಿದ ಮ್ಯಾಲ ಇಳೀ," ಎಂದಳು. ಅವನಿಗೆ ಮಾತು ಅರ್ಥವಾಗಲಿಲ್ಲ, ಕೋಲು ಅರ್ಥವಾಯಿತು. ಚಹಾ ಕುಡಿದು ಖಾಲಿ ಪೆಟ್ಟಿಗೆಯೊಂದಿಗೆ ತಿರುಗಿ ಹೋದ.

ವಾರದೊಳಗೆ ಮಳೆಯೂ ನಿಂತಿತು. ಹಿಂಡುಗಳು ಒಂದೊಂದಾಗಿ ಇಳಿದು ಹೋದವು, ಹೆಚ್ಚಿನವು ನೆಟ್ಟಗೆ ನಡೆದುಕೊಂಡೇ. ನೀರಿನಿಂದ ವಾಸಿಯಾಯಿತೋ, ನೆಲ ಒಣಗಿದ್ದರಿಂದ ವಾಸಿಯಾಯಿತೋ, ನಾನು ಖಚಿತವಾಗಿ ಹೇಳಲಾರೆ. ಕುಳಿತ ಟಗರು ಮಾತ್ರ ಏಳಲಿಲ್ಲ.

ಮೇಲಿನವರ ಮಾತು ಮೀರಿದ್ದಕ್ಕೆ ಮೇಡಂ ಅವರಿಗೆ ಮೆಮೊ ಬಂತು. ಮುಂದಿನ ವರ್ಷ ಗುಡ್ಡದ ಕೆಲಸಕ್ಕೆ ಮಂಜೂರಾತಿ ಸಿಗಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಅವರನ್ನು ಮೈಸೂರಿಗೆ ಹಳೆಯ ವಸ್ತುಗಳ ಪಟ್ಟಿ ಮಾಡುವ ಕೆಲಸಕ್ಕೆ ಹಾಕಿದರು. ಆಮೇಲೆ ಅವರು ಅಗೆಯುವ ಕೆಲಸಕ್ಕೆ ಮರಳಲೇ ಇಲ್ಲ. ನಿಚ್ಚಣಿಕೆಯನ್ನು ಎತ್ತುವ ವ್ಯವಸ್ಥೆಯೂ ನನಗೆ ತಿಳಿದ ಮಟ್ಟಿಗೆ ಆಗಲಿಲ್ಲ. ನಾನು ಬೇರೆ ಬೇರೆ ಕಡೆ ಗೋಡೆ, ಮಡಕೆ, ಎಲುಬು ಬರೆಯುತ್ತ ಹೋದೆ.

ಎಷ್ಟೋ ವರ್ಷಗಳ ಮೇಲೆ ಇಂಡಿಯ ಸಂತೆಯಲ್ಲಿ ಯಾರೋ "ಮಾಸ್ತರ!" ಎಂದು ಕೂಗಿದರು. ತಿರುಗಿ ನೋಡಿದರೆ ನೀಲವ್ವ, ಮರಿಗಳನ್ನು ಮಾರಲು ಬಂದಿದ್ದಳು. ಮುಖ ಸುಕ್ಕಾಗಿತ್ತು, ಧ್ವನಿ ಅದೇ ಇತ್ತು. ನನ್ನ ಸಂಸಾರವನ್ನೆಲ್ಲ ವಿಚಾರಿಸಿ, ಕೊನೆಗೆ ಪಕ್ಕದಲ್ಲಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಇವರ ಜೋಡಿ ಒಬ್ಬ ಬಾಯಾರ ಇದ್ರವ್ವಾ, ಮೈಸೂರಾವ್ರು. ನಮ್ಮ ಕುರಿ ಸಲುವಾಗಿ ದೊಡ್ಡ ಸಾಹೇಬನ್ನ ಎದುರು ಹಾಕ್ಕೊಂಡ್ರು. ನೌಕರೀನ ಕಳಕೊಂಡ್ರಂತ!" ನೌಕರಿ ಹೋಗಿರಲಿಲ್ಲ ಎಂದು ತಿದ್ದಿದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಸಿಕ್ರ ನನ್ನ ನೆನಪ ಹೇಳ್ರಿ," ಎಂದಳು.

ಅದೇ ವರ್ಷ ಕೆಲಸದ ಮೇಲೆ ಮೈಸೂರ ಕಡೆ ಹೋದಾಗ ಮೇಡಂ ಅವರ ಮನೆ ಹುಡುಕಿಕೊಂಡು ಹೋದೆ. ನಿವೃತ್ತಿ ಹತ್ತಿರವಾಗಿತ್ತು, ಕೂದಲು ಪೂರ್ತಿ ಬಿಳಿ. ನಾನು ಬರೆದ ಚಿತ್ರ ಬೆಂಗಳೂರಿನ ನಮ್ಮ ಕಚೇರಿಯ ಒಂದು ಗೋಡೆಯ ಮೇಲಿದೆ, ಆದರೆ ಗೋಡೆ ಅಗಲವಾಗಿದೆಯೆಂದು ಅದನ್ನು ಅಡ್ಡ ತೂಗುಹಾಕಿದ್ದಾರೆ, ನಿಚ್ಚಣಿಕೆ ತೊಲೆಯ ಹಾಗೆ ಮಲಗಿದೆ ಎಂದು ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನೀಲವ್ವ ಸಂತೆಯಲ್ಲಿ ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಹೇಳಿದೆ. ನಗು ನಿಂತಿತು.

ಕಾಫಿ ಲೋಟ ಕೆಳಗಿಟ್ಟರು.

"ಆ ಟಗರು ಕೂತಿದ್ದನ್ನ ನಾನು ನೋಡಿದೆ, ಮೆಹಬೂಬ್. ಪಾಪ ಅನ್ನಿಸಿತು. ಆದರೆ ಇಂಜಿನ್ ನಿಲ್ಲಿಸಿದ್ದು ಆ ಸೀಳು ಉದ್ದ ಆಗಿತ್ತಲ್ಲ, ಅದಕ್ಕೆ. ನಿಚ್ಚಣಿಕೆ ಗಟ್ಟಿಯಾಗಿದ್ದಿದ್ದರೆ ಇನ್ನೊಂದು ವಾರ ಓಡಿಸ್ತಿದ್ದೆ. ಕುರಿ ಸಾಯ್ತಿದ್ದರೂ ಓಡಿಸ್ತಿದ್ದೆ."

ಮತ್ತೆ ಲೋಟ ಎತ್ತಿಕೊಂಡು, "ಅವಳ ಹಿಂಡು ಈಗ ಹೇಗಿದೆಯಂತೆ?" ಎಂದು ಕೇಳಿದರು. ದೊಡ್ಡದಾಗಿದೆ, ಮಾಳಪ್ಪನ ಮಕ್ಕಳು ನೋಡಿಕೊಳ್ಳುತ್ತಾರೆ ಎಂದೆ. "ಒಳ್ಳೇದಾಯ್ತು," ಎಂದರು.

ಮತ್ತೊಮ್ಮೆ ಇಂಡಿಗೆ ಹೋದಾಗ ನೀಲವ್ವ ಸಿಕ್ಕಳು.

"ಬಾಯಾರ ಸಿಕ್ಕಿದ್ರೇನ್ರಿ?"

"ಸಿಕ್ಕಿದ್ರು. ಆರಾಮ ಅದಾರ."

"ಏನಂದ್ರು?"

"ನಿನ್ನ ಕುರಿ ಹೆಂಗದಾವ ಅಂತ ಕೇಳಿದ್ರು," ಎಂದೆ.

ನೀಲವ್ವನ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಯುತ್ತಿದ್ದ ಗಿರಾಕಿಯ ಕಡೆ ತಿರುಗಿ, ಮರಿಯ ಬಾಯಿ ತೆರೆದು ಹಲ್ಲು ತೋರಿಸತೊಡಗಿದಳು.